ಖಾಲಿ ಹಜಾರದ ಒಂದು ನಿಮಿಷ

ಸಿನಿಮಾದಲ್ಲಿ ಯಾರೂ ಮಾತಾಡದೆ ಇರುವ ಹೊತ್ತಿಗೂ ಸದ್ದು ಬೇಕು ಎಂದರೆ ಹೊರಗಿನವರು ನಗುತ್ತಾರೆ. ಕಿವಿಯಮ್ಮನಿಗೆ ಮಾತ್ರ ಇದರಲ್ಲಿ ನಗುವಂಥದ್ದೇನೂ ಕಾಣುತ್ತಿರಲಿಲ್ಲ. ಅವಳು ಶೂಟಿಂಗಿನ ಸೌಂಡ್ ರೆಕಾರ್ಡಿಸ್ಟ್. ಹೆಗಲಿಗೆ ರೆಕಾರ್ಡರಿನ ಚೀಲ, ತಲೆಗೆ ಹೆಡ್‌ಫೋನು, ಕೈಯಲ್ಲಿ ಉದ್ದನೆಯ ಕೋಲಿನ ತುದಿಗೆ ಸಿಕ್ಕಿಸಿದ ಮೈಕು. ಹೆತ್ತವರಿಟ್ಟ ಹೆಸರು ಯೂನಿಟ್ಟಿನಲ್ಲಿ ಯಾರಿಗೂ ನೆನಪಿರಲಿಲ್ಲ. ಕರೆದರೂ ಹೆಡ್‌ಫೋನಿನೊಳಗೆ ಅವಳಿಗೆ ಕೇಳಿಸುತ್ತಿರಲಿಲ್ಲ.

ಅವಳ ಪ್ರಕಾರ ಪ್ರತಿ ಕೋಣೆಗೂ ಅದರದ್ದೇ ಒಂದು ಮೌನವಿದೆ. ಅಡುಗೆಮನೆಯ ಮೌನದಲ್ಲಿ ಫ್ರಿಜ್ಜು ಗೊಣಗುತ್ತದೆ, ಮಲಗುವ ಕೋಣೆಯ ಮೌನ ಹಾಸಿಗೆಯಷ್ಟೇ ಮೆತ್ತಗೆ, ಬಚ್ಚಲಿನ ಮೌನಕ್ಕೆ ಸ್ವಲ್ಪ ಜಂಬ ಜಾಸ್ತಿ. ಎಡಿಟಿಂಗಿನಲ್ಲಿ ಎರಡು ಮಾತುಗಳ ನಡುವಿನ ಬೇಡದ ಕೆಮ್ಮನ್ನು ಕತ್ತರಿಸಿ ತೆಗೆದರೆ ಅಲ್ಲೊಂದು ತೂತು ಬೀಳುತ್ತದೆ. ನೋಡುವವರಿಗೆ ಕಿವಿಯೇ ಒಂದು ಗಳಿಗೆ ಸತ್ತಂತಾಗುತ್ತದೆ. ಆ ತೂತಿಗೆ ಅದೇ ಕೋಣೆಯ ಮೌನದ ತೇಪೆ ಹಾಕಬೇಕು. ಅದಕ್ಕೇ ಒಂದು ಜಾಗದ ಕೆಲಸ ಮುಗಿದ ಮೇಲೆ, ಜನ, ಸಾಮಾನು ಎಲ್ಲ ಇದ್ದಲ್ಲೇ ಇರುವಾಗ, ಒಂದು ನಿಮಿಷ ಎಲ್ಲರೂ ಗಪ್‌ಚಿಪ್ ನಿಲ್ಲಬೇಕು, ರೆಕಾರ್ಡರು ಓಡಬೇಕು. ಇದಕ್ಕೆ ರೂಮ್ ಟೋನ್ ಎನ್ನುತ್ತಾರೆ. ನೂರು ಜನರ ಬಾಯಿಗೆ ಒಂದೇ ಸಲ ಬೀಗ ಹಾಕುವ ಕೆಲಸ ಇದು, ಬೀಗದ ಕೈ ಮಾತ್ರ ಯಾರ ಬಳಿಯೂ ಇರುವುದಿಲ್ಲ.

ಹಿಂದಿನ ಚಿತ್ರದಲ್ಲಿ ಆ ಒಂದು ನಿಮಿಷ ಅವಳಿಗೆ ಸಿಕ್ಕಿರಲಿಲ್ಲ. ಮನೆಯ ದೃಶ್ಯಗಳೆಲ್ಲ ಜರಡಿಯಾಗಿ, ಹೀರೋ ಸ್ಟುಡಿಯೋದಲ್ಲಿ ನಿಂತು ಅಷ್ಟನ್ನೂ ಮತ್ತೆ ಅಳಬೇಕಾಯಿತು. ಅವನಲ್ಲಿದ್ದ ಅಳುವೆಲ್ಲ ಮೊದಲ ಸಲಕ್ಕೇ ಖರ್ಚಾಗಿ ಹೋಗಿತ್ತು. ಎರಡನೇ ಸಲ ಅತ್ತದ್ದು ಥಿಯೇಟರಿನಲ್ಲಿ ಬಿಕ್ಕಳಿಕೆಯಂತೆ ಕೇಳಿಸಿ, ಜನ ನೀರು ಕುಡಿಯಲು ಹೇಳಿದರಂತೆ. ಆದ್ದರಿಂದ ಈ ಚಿತ್ರದ ಮುಹೂರ್ತದ ದಿನವೇ ಡೈರೆಕ್ಟರು ಅವಳನ್ನು ಪಕ್ಕಕ್ಕೆ ಕರೆದು ಹೇಳಿಬಿಟ್ಟಿದ್ದರು.

"ನೋಡಿ ಸ್ವಾಮಿ, ಈ ಸಲಾನೂ ಹಜಾರದ ಮೌನ ನನ್ನ ಕೈಗೆ ಬರ್ಲಿಲ್ಲ ಅಂದ್ರೆ, ಮುಂದಿನ ಪಿಕ್ಚರ್‌ಗೆ ಬೇರೆ ಕಿವಿ ಹುಡುಕ್ಕೋತೀನಿ. ಅರ್ಥ ಆಯ್ತಾ? ಆಗಿಲ್ವಾ? ನಡೀರಿ."

ಡೈರೆಕ್ಟರು ಹೆಂಗಸರನ್ನೂ 'ಸ್ವಾಮಿ' ಎಂದೇ ಕರೆಯುತ್ತಿದ್ದರು. ಮಾತಿಗೆ ಮುಂಚೆ ಗಂಟಲಿನಲ್ಲಿ 'ಹ್ಹುಂ, ಹ್ಹುಂ' ಎಂದು ಸ್ಟಾರ್ಟ್ ಆಗದ ಸ್ಕೂಟರನ್ನು ಒದ್ದಂತೆ ಎರಡು ಸಲ ಒದೆಯುತ್ತಿದ್ದರು. ಮೂರನೆಯದಕ್ಕೆ ಗಾಡಿ ಹೊರಡುತ್ತಿತ್ತು. ಹೊರಟ ಮೇಲೆ ನಿಲ್ಲಿಸುವುದು ಬೇರೆ ಮಾತು.

ಹಿಂದಿನ ಸಲ ಮೌನ ಕೈತಪ್ಪಿದ್ದು ಯಾರಿಂದ ಎಂದು ಕಿವಿಯಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಹೇಳುವಂತಿರಲಿಲ್ಲ. ಪ್ರೊಡಕ್ಷನ್ ಮ್ಯಾನೇಜರು ಅವಳ ಗಂಡನ ಸ್ವಂತ ಅಣ್ಣ. ಹಗಲೆಲ್ಲ ಸೆಟ್ಟಿನಲ್ಲಿ 'ಬೇಗ ಬೇಗ' ಎಂದು ಬೆನ್ನು ಹತ್ತುವ ಭಾವನೇ ರಾತ್ರಿ ಅವಳ ಎದುರಿಗೆ ಕೂತು ಊಟ ಮಾಡುತ್ತಾರೆ. ಕೊನೆಯ ಶಾಟ್ ಮುಗಿಯುವ ಮೊದಲೇ ಅರ್ಧ ಸಾಮಾನನ್ನು ಲಾರಿಗೆ ಹೇರಿಸುವುದು ಭಾವನ ಪದ್ಧತಿ. ಒಮ್ಮೆ ಹೀರೋಯಿನ್ ಕೂತಿದ್ದ ಸೋಫಾವನ್ನು ಅವಳ ಸಮೇತ ಬಾಗಿಲವರೆಗೆ ಸಾಗಿಸಿದ್ದರು.

ಈ ಸಲದ ಮನೆ ಬಾಡಿಗೆಯದು. ಸಂಜೆಯೊಳಗೆ ಬೀಗದ ಕೈ ಕೊಡಬೇಕಿತ್ತು. ಹಜಾರದ ಕೊನೆಯ ಶಾಟ್ ಓಕೆಯಾಗಿ, ಡೈರೆಕ್ಟರು ಮನೆಯ ಯಜಮಾನನನ್ನು ಸಮಾಧಾನ ಮಾಡಲು ಹೊರಗೆ ಹೋದದ್ದೇ ತಡ, ಕಿವಿಯಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಭಾವ, ಒಂದೇ ನಿಮಿಷ. ಒಂದು ಸಾಮಾನೂ ಅಲ್ಲಾಡಬಾರದು."

"ನಿನ್ನ ಒಂದು ನಿಮಿಷ ನನಗೆ ಗೊತ್ತಿಲ್ವಾ? ಮನೇಲಿ ಒಂದೇ ನಿಮಿಷ ಅಂತ ಕನ್ನಡಿ ಮುಂದೆ ನಿಂತ್ರೆ ನಾವು ಮದುವೆಗೆ ಹೋಗೋಷ್ಟರಲ್ಲಿ ಅವರಿಗೆ ಮಗು ಆಗಿರತ್ತೆ. ಬೇಗ ಮುಗ್ಸಮ್ಮ."

ಮೈಕನ್ನು ಹಜಾರದ ನಡುವೆ ಸ್ಟ್ಯಾಂಡಿಗೆ ನಿಲ್ಲಿಸಿ ಅವಳು ಬಟನ್ ಒತ್ತಿದಳು. ಎಲ್ಲರೂ ನಿಂತರು, ಅಂದರೆ ಬಾಯಿ ನಿಂತಿತು. ಉಳಿದದ್ದೆಲ್ಲ ಶುರುವಾಯಿತು. ಲೈಟಿನವನ ಸೊಂಟದ ಸ್ಪ್ಯಾನರು ಕಿಣಿಕಿಣಿ ಎಂದಿತು. ಕ್ಯಾಮೆರಾ ಅಸಿಸ್ಟೆಂಟು ಸದ್ದಾಗಬಾರದೆಂದು ಚೀಲದ ಜಿಪ್ಪನ್ನು ನಿಧಾನವಾಗಿ ಎಳೆದು, ಒಂದು ಸಣ್ಣ ಝರ್ರನ್ನು ಉದ್ದದ ಝರ್ರ್ರ್ರ್ ಮಾಡಿದ. ಕಾಸ್ಟ್ಯೂಮಿನ ಅಕ್ಕನ ಇಸ್ತ್ರಿಪೆಟ್ಟಿಗೆ ಉಸ್ಸೆಂದು ನಿಟ್ಟುಸಿರು ಬಿಟ್ಟಿತು. ಕೊನೆಗೆ, ಡಯಟ್ಟಿನಲ್ಲಿದ್ದ ಹೀರೋನ ಹೊಟ್ಟೆಯಿಂದ ಬೋನಿನ ಹುಲಿಯೊಂದು ಬಹಳ ಹೊತ್ತು ಯೋಚಿಸಿ ಗುರ್ ಎಂದಿತು. ಹೀರೋ ಪಕ್ಕದವನನ್ನು ದಿಟ್ಟಿಸಿ ನೋಡಿದ, ಹುಲಿ ಅವನದು ಎಂಬಂತೆ.

ಮತ್ತೆ ಮೊದಲಿಂದ. ಈ ಸಲ ಸುಮಾರು ದೂರ ಬಂದಿತ್ತು. ಅಷ್ಟರಲ್ಲಿ ಮಹಡಿಯ ಮೆಟ್ಟಿಲ ಮೇಲೆ ಯಜಮಾನನ ತಾಯಿ ಕಾಣಿಸಿಕೊಂಡರು. ಕೆಳಗೆ ಇಷ್ಟೂ ಜನ ತಲೆ ತಗ್ಗಿಸಿ ನಿಂತದ್ದನ್ನು ಕಂಡು ಮುಖ ಸಣ್ಣಗೆ ಮಾಡಿ ಕೇಳಿದರು: "ಯಾರು ಹೋದ್ರಪ್ಪಾ?"

ಹಜಾರ ಗೊಳ್ಳೆಂದಿತು. ಅಜ್ಜಿಗೆ ಯಾರೂ ಹೋಗಿಲ್ಲವೆಂದು ನಂಬಿಸುವಷ್ಟರಲ್ಲಿ ಕಿವಿಯಮ್ಮನಿಗೆ ಸಾಕುಸಾಕಾಯಿತು. ಹೆಡ್‌ಫೋನು ಕಿತ್ತು ಕುತ್ತಿಗೆಗೆ ಇಳಿಸಿದಳು, ರೆಕಾರ್ಡರಿನ ಮೇಲೆ ಟವೆಲು ಬೀಸಾಕಿ, ಗೋಡೆಗೆ ಒರಗಿ ಕೂತಳು. ಯಾರಾದರೂ 'ಪಾಪ' ಎಂದಿದ್ದರೆ ಅತ್ತೇಬಿಡುತ್ತಿದ್ದಳು.

ಭಾವ ಪಾಪ ಎನ್ನಲಿಲ್ಲ. ಕೈಗೆ ಕೆಲಸವಿಲ್ಲದೆ ನಿಂತ ಯೂನಿಟ್ಟು ಕಂಡರೆ ಅವರಿಗೆ ವೇದಿಕೆ ಕಂಡಂತೆ. ಹಜಾರದ ನಡುವೆ ಮೈಕಿನ ಪಕ್ಕಕ್ಕೇ ಬಂದು, ಹೊಟ್ಟೆ ಮುಂದೆ ಮಾಡಿ, ಕನ್ನಡಕ ಮೂಗಿನ ತುದಿಗೆ ಇಳಿಸಿದರು.

"ಹ್ಹುಂ, ಹ್ಹುಂ. ನೋಡಿ ಸ್ವಾಮಿ."

ಎರಡೇ ಒದೆತಕ್ಕೆ ಡೈರೆಕ್ಟರು ಹಜಾರದಲ್ಲಿ ಪ್ರತ್ಯಕ್ಷ. ಕಣ್ಣು ಮುಚ್ಚಿಕೊಂಡರೆ ಅಮ್ಮನಾಣೆ ಅವರೇ. ಅದೇ ಗೊರಗೊರ, ಅದೇ ಮೂಗು, ಊರಿಗೆಲ್ಲ ಮುಂದಿನ ಪಿಕ್ಚರ್ ಹಂಚುವ ಅದೇ ಧಾರಾಳ.

"ಮುಂದಿನ ಪಿಕ್ಚರ್‌ಗೂ ಇದೇ ಟೀಮು ಸ್ವಾಮಿ. ಮೇಕಪ್ಪು, ನಿಮಗೆ ಡಬಲ್ ರೋಲು. ಲೈಟಿನವರಿಗೆಲ್ಲ ಕೂತ್ಕೊಂಡು ಲೈಟ್ ಹಿಡಿಯೋಕೆ ಕುರ್ಚಿ. ನಮ್ಮ ಕಿವಿಯಮ್ಮ ಇಲ್ದೆ ನಾನು ಕ್ಯಾಮೆರಾನೇ ಆನ್ ಮಾಡಲ್ಲ, ಬರ್ಕೊಳ್ಳಿ. ಅರ್ಥ ಆಯ್ತಾ? ಆಗಿಲ್ವಾ? ಇನ್ನು ಈ ಮ್ಯಾನೇಜರ್ ಮಾತ್ರ..."

ಅಲ್ಲಿಗೆ ನಿಂತಿತು. ಎದುರಿನ ಮುಖಗಳ ಮೇಲಿನ ನಗು ಒಂದೊಂದಾಗಿ ಆರುವುದನ್ನು ಭಾವ ಕಂಡರು. ಹಿಂದಿರುಗಿ ನೋಡುವ ಅಗತ್ಯ ಬೀಳಲಿಲ್ಲ. ಬಾಗಿಲಲ್ಲಿ ಡೈರೆಕ್ಟರು ನಿಂತಿದ್ದರು, ಆಗಷ್ಟೇ ಬಂದವರು.

ಒಬ್ಬರೂ ಅಲ್ಲಾಡಲಿಲ್ಲ. ಸ್ಪ್ಯಾನರು ಸುಮ್ಮನಾಯಿತು. ಹೀರೋನ ಹುಲಿ ಕೂಡ ಬಾಲ ಮಡಚಿತು. ಭಾವ ಹೊಟ್ಟೆ ಮುಂದೆ ಮಾಡಿದ್ದವರು ಹಾಗೇ ಉಳಿದರು; ಒಳಕ್ಕೆ ಎಳೆದುಕೊಂಡರೆ ಸಿಕ್ಕಿಬೀಳುವ ಭಯ. ಡೈರೆಕ್ಟರು ಎಲ್ಲರನ್ನೂ ನೋಡಿದರು, ನಡುವೆ ನಿಂತ ಮೈಕನ್ನು ನೋಡಿದರು, ಓಹೋ ಎಂದು ತಲೆದೂಗಿ, ತುದಿಗಾಲಲ್ಲಿ ಒಂದು ಹೆಜ್ಜೆ ಒಳಗೆ ಬಂದು ಕೈಕಟ್ಟಿ ಕಣ್ಣು ಮುಚ್ಚಿ ನಿಂತುಬಿಟ್ಟರು. ಅವರು ಕಣ್ಣು ಬಿಡುವವರೆಗೆ ಉಸಿರಾಡುವ ಧೈರ್ಯ ಯಾರಿಗೂ ಇರಲಿಲ್ಲ. ನಿಮಿಷ ಒಂದು ದಾಟಿತು, ಎರಡನೆಯದೂ ಬಹುಪಾಲು ಕಳೆಯಿತು. ಇಂಥ ಶುದ್ಧ ಮೌನವನ್ನು ಕಿವಿಯಮ್ಮ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಬಟನ್ ಒತ್ತಬೇಕೆಂದು ಅವಳ ಪ್ರಾಣ ಬಡಿದುಕೊಳ್ಳುತ್ತಿತ್ತು, ಬೆರಳು ಮಾತ್ರ ಮೊಳೆ ಹೊಡೆದಂತೆ ಇದ್ದಲ್ಲೇ ಇತ್ತು.

"ಸಿಕ್ತಾ?" ಎಂದರು ಡೈರೆಕ್ಟರು, ಪಿಸುಮಾತಿನಲ್ಲಿ.

ಅವಳ ತಲೆ ತಾನಾಗಿಯೇ ಹೂಂ ಎಂದು ಆಡಿತು. ಆಡಿದ ಮೇಲೆ ಮಾಡುವುದೇನು. ಭಾವ ಎಂದಿಗಿಂತ ಜೋರಾಗಿ 'ಬೇಗ ಬೇಗ' ಎಂದರು. ಗೋಡೆಯ ಫೋಟೋ, ಪರದೆ, ಸೋಫಾ ಎಲ್ಲ ಲಾರಿ ಸೇರಿದವು, ಯಜಮಾನ ಬೀಗ ಹಾಕಿಕೊಂಡ.

ವ್ಯಾನಿನಲ್ಲಿ ಅವಳು ರೆಕಾರ್ಡರಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಮುಂದಿನ ಪಿಕ್ಚರ್ ಇಲ್ಲದ ತನ್ನ ಮುಂದಿನ ದಿನಗಳನ್ನು ನೋಡುತ್ತ ಕೂತಳು. ಮನೆಯಲ್ಲಿ ಓರಗಿತ್ತಿ ಟಿವಿಯ ಧಾರಾವಾಹಿ ತೋರಿಸಿ ಕತೆ ಹೇಳುವುದನ್ನು ಇನ್ನು ಹಗಲೂ ಕೇಳಬೇಕು. ಅಷ್ಟರಲ್ಲಿ ತೊಡೆ ಬೆಚ್ಚಗಾಗತೊಡಗಿತು. ಟವೆಲು ಸರಿಸಿದರೆ ಕೆಂಪು ದೀಪ ಉರಿಯುತ್ತಿದೆ. ಅಜ್ಜಿ ಬಂದಾಗ ಸಿಟ್ಟಿನಲ್ಲಿ ರೆಕಾರ್ಡರಿಗೆ ಬಟ್ಟೆ ಹೊದಿಸಿದ್ದಳೇ ಹೊರತು ನಿಲ್ಲಿಸಿರಲಿಲ್ಲ. ಆಗಿನಿಂದ ಅದು ಒಂದೇ ಸಮನೆ ಓಡುತ್ತಲೇ ಇದೆ.

ಮೌನ ಸಿಕ್ಕಿತ್ತು. ಅವಳು ಕಣ್ಣು ಮುಚ್ಚಿ ಚೀಲವನ್ನು ಎದೆಗೊತ್ತಿಕೊಂಡಳು. ಆಮೇಲೆ ಆ ಮೌನಕ್ಕಿಂತ ಮೊದಲು ಏನೇನು ಸಿಕ್ಕಿದೆ ಎಂಬುದು ನೆನಪಾಗಿ ಕಣ್ಣು ಬಿಟ್ಟಳು. ಪಕ್ಕದಲ್ಲಿದ್ದ ಭಾವನ ಕಿವಿಯಲ್ಲಿ ವಿಷಯ ಉಸುರಿದಳು. ಭಾವ ಬೆಳ್ಳಗಾದರು. ಮನೆಗೆ ಹೋದ ಕೂಡಲೇ ಅಷ್ಟನ್ನು ಅಳಿಸಿಹಾಕು ತಾಯಿ ಎಂದು ಕೈಮುಗಿದರು. ಅಷ್ಟು ಹೇಳಿ ಮುಗಿಸುವುದರೊಳಗೆ ಮುಂದಿನ ಸೀಟಿನಿಂದ ಡೈರೆಕ್ಟರು ಡ್ರೈವರಿಗೆ ಹೇಳಿದ್ದು ಕೇಳಿಸಿತು: ಗಾಡಿ ಸೀದಾ ಎಡಿಟಿಂಗ್ ರೂಮಿಗೆ.

ಎಡಿಟಿಂಗ್ ರೂಮು ಎಂದರೆ ಕಿಟಕಿಯಿಲ್ಲದ ಪೆಟ್ಟಿಗೆ. ಎರಡು ಪರದೆ, ಎರಡು ಸ್ಪೀಕರು, ಹಗಲು ಕಾಣದ ಒಬ್ಬ ಎಡಿಟರು. ಕಿವಿಯಮ್ಮ ಕೊನೆಯ ತುಣುಕು ಮಾತ್ರ ಕೇಳಿದರೆ ಸಾಕು ಎಂದಳು. ಡೈರೆಕ್ಟರು ಒಪ್ಪಲಿಲ್ಲ, ಹಿಂದಿನ ಚಿತ್ರದಲ್ಲೂ ಸದ್ದಿನ ಕೊನೆಯ ತುಣುಕನ್ನಷ್ಟೇ ಕೇಳಿ, ಎಲ್ಲ ಸರಿಯಿದೆ ಎಂದು ಮೋಸಹೋಗಿದ್ದರಂತೆ. ಎಡಿಟರು ಮೊದಲಿನಿಂದ ಹಾಕಿದ. ಸ್ಪೀಕರಿನಲ್ಲಿ ಅಜ್ಜಿ ಯಾರು ಹೋದರು ಎಂದು ಕೇಳಿದರು. ಹೋಗುವ ಸರದಿ ತಮ್ಮದೆಂದು ಭಾವನಿಗೆ ಖಾತ್ರಿಯಾಯಿತು.

"ಹ್ಹುಂ, ಹ್ಹುಂ. ನೋಡಿ ಸ್ವಾಮಿ."

ಡೈರೆಕ್ಟರು ಕುರ್ಚಿಯಲ್ಲಿ ಮುಂದೆ ಬಾಗಿದರು. ಇದುವರೆಗೆ ತಮ್ಮ ನಿಜವಾದ ಧ್ವನಿಯನ್ನು ರೆಕಾರ್ಡಿಂಗಿನಲ್ಲಿ ಕೇಳಿದಾಗಲೆಲ್ಲ, ಇದು ಯಾವುದೋ ಮೇಕೆಯದು, ನನ್ನದಲ್ಲ ಎಂದು ಜಗಳ ತೆಗೆದವರು ಅವರು. ಈಗ ಅವರ ಮುಖ ನಿಧಾನವಾಗಿ ಅರಳಿತು.

"ಅಬ್ಬ, ಇವತ್ತು ನನ್ನ ಧ್ವನಿ ಸರಿಯಾಗಿ ಬಂದಿದೆ ನೋಡಿ," ಎಂದರು. "ಇಷ್ಟು ದಿನ ಮೈಕ್ ಎಲ್ಲಿ ಇಡ್ತಿದ್ರಿ ನೀವು?"

ಸ್ಪೀಕರು ಡಬಲ್ ರೋಲು ಕೊಟ್ಟಿತು, ಕುರ್ಚಿ ಕೊಟ್ಟಿತು, ಅವಳಿಲ್ಲದೆ ಕ್ಯಾಮೆರಾ ಆನ್ ಮಾಡುವುದಿಲ್ಲ ಎಂದಿತು, 'ಈ ಮ್ಯಾನೇಜರ್ ಮಾತ್ರ' ಎಂದು ಕತ್ತರಿಸಿಕೊಂಡಿತು. ಹಿಂದೆಯೇ ಹಜಾರದ ಮೌನ, ಒಂದು ಗೆರೆ ಇಲ್ಲದ ಬಿಳಿ ಬಟ್ಟೆಯ ಹಾಗೆ. ಎಡಿಟರು ಇಂಥದ್ದನ್ನು ತಾನು ಕೇಳಿಯೇ ಇಲ್ಲ ಎಂದು ಶಿಳ್ಳೆ ಹಾಕಿದ.

ಡೈರೆಕ್ಟರು ಮೌನ ಮುಗಿಯುವವರೆಗೆ ಕಾದು, ಕನ್ನಡಕ ತೆಗೆದು ಒರೆಸಿದರು. ಬೇರೆ ಕಿವಿ ಹುಡುಕುವ ಕೆಲಸ ತಪ್ಪಿತು ಎಂದರು. ಆಡಿದ ಮಾತು ಆಡಿದ್ದೇ, ಮುಂದಿನ ಪಿಕ್ಚರ್ ನಿಮ್ಮದೇ ಎಂದರು. ಈ ಸಲದ ಮಾತು ಅವರ ಸ್ವಂತ ಬಾಯಿಂದಲೇ ಬಂತು. ಆಮೇಲೆ ಹುಬ್ಬು ಗಂಟಿಕ್ಕಿದರು.

"ಅಲ್ಲ, ಈ ಮ್ಯಾನೇಜರ್ ಮಾತ್ರ, ಅಂತ ನಿಲ್ಲಿಸಿದ್ದೀನಲ್ಲ. ಮುಂದೆ ಏನು ಹೇಳೋಕೆ ಹೊರಟಿದ್ದೆ? ನಿಮಗೆ ನೆನಪಿದೆಯಾ ಕಿವಿಯಮ್ಮ?"

ಭಾವ ಅವಳನ್ನು ನೋಡಿದರು. ಮದುವೆಯಾಗಿ ಮನೆಗೆ ಬಂದಾಗಿನಿಂದ ಅವರು ಅವಳನ್ನು ಅಷ್ಟು ಗೌರವದಿಂದ ನೋಡಿದ್ದು ಇದೇ ಮೊದಲು. ಅವಳಿಗೆ ಸೋಫಾ ನೆನಪಾಯಿತು, ಲಾರಿ ನೆನಪಾಯಿತು, ಕನ್ನಡಿಯ ಮುಂದಿನ ಒಂದು ನಿಮಿಷವೂ ನೆನಪಾಯಿತು.

"ನೆನಪಿದೆ ಸರ್. ಈ ಮ್ಯಾನೇಜರ್ ಮಾತ್ರ ಇನ್ಮೇಲೆ ನನ್ನ ರೂಮ್ ಟೋನ್ ಮುಗಿಯೋವರೆಗೂ ಲಾರಿ ಹತ್ರ ಸುಳೀಬಾರದು, ಅನ್ನೋಕೆ ಹೊರಟಿದ್ರಿ."

"ಹಾಗಂದ್ನಾ?"

"ಹೌದು ಸರ್," ಎಂದರು ಭಾವ ಥಟ್ಟನೆ. "ಬಾಯಿ ತುದೀಗೆ ಬಂದಿತ್ತು ಸರ್ ನಿಮಗೆ."

"ಒಳ್ಳೇದೇ ಅಂದಿದ್ದೀನಿ. ಸರಿ, ಆ ಮೇಕಪ್ಪಿನವನಿಗೆ ಫೋನ್ ಹಚ್ಚು. ಡಬಲ್ ರೋಲ್ ಅಂತ ನಾನೇ ತಿಳಿಸ್ತೀನಿ."

"ಸರ್, ಅದು ಸುಮ್ನೆ ತಮಾಷೆಗೆ..." ಎಂದರು ಭಾವ.

"ನಾನು ಯಾವತ್ತಾದ್ರೂ ತಮಾಷೆ ಮಾಡಿದ್ದೀನಾ?"

ಮಾಡಿರಲಿಲ್ಲ. ಭಾವ ತಮ್ಮ ಫೋನಿನಿಂದ ಮೇಕಪ್ಪಿನವನಿಗೆ ಹಚ್ಚಿ, ಎರಡೂ ಕೈಯಲ್ಲಿ ಒಪ್ಪಿಸಿದರು. ಡೈರೆಕ್ಟರು ಗಂಟಲಿಗೆ ಎರಡು ಒದೆ ಕೊಟ್ಟು, ನೋಡಿ ಸ್ವಾಮಿ ಎಂದು ಶುರುಮಾಡಿ, ಡಬಲ್ ರೋಲಿನವರೆಗೂ ಬಂದರು. ಆ ಕಡೆಯಿಂದ ಏನೋ ಹೇಳಿ ಫೋನು ಇಟ್ಟದ್ದು ಕೇಳಿಸಿತು. ಡೈರೆಕ್ಟರು ಫೋನನ್ನು ಕಿವಿಯಿಂದ ತೆಗೆದು ಸ್ವಲ್ಪ ಹೊತ್ತು ಅದರ ಮುಖ ನೋಡಿದರು.

"ಮಧ್ಯಾಹ್ನದಷ್ಟು ಚೆನ್ನಾಗಿ ಬರ್ಲಿಲ್ಲ ಗುರುವೇ, ಅಂದ," ಎಂದರು. "ಏನಂತೆ ಅದು?"

ಕಿವಿಯಮ್ಮ ಹೆಡ್‌ಫೋನಿನ ವೈರು ಸುತ್ತುತ್ತ, ತನ್ನ ಕಸುಬಿನ ಪೂರ್ತಿ ಗಾಂಭೀರ್ಯದಿಂದ ಹೇಳಿದಳು.

"ನಿಮ್ಮ ಧ್ವನಿ ಸರ್. ಮಧ್ಯಾಹ್ನ ನಿಜವಾಗ್ಲೂ ಇನ್ನೂ ಚೆನ್ನಾಗಿತ್ತು. ಈಗ ಸ್ವಲ್ಪ ಕಟ್ಟಿದೆ."

ಡೈರೆಕ್ಟರು ಗಂಟಲು ಮುಟ್ಟಿಕೊಂಡು, ಹೌದೆನ್ನಿಸಿ, ಬಿಸಿನೀರು ತರಿಸಲು ಮ್ಯಾನೇಜರನ್ನು ಓಡಿಸಿದರು.