ಮೊದಲ ತುತ್ತಿನ ಗುಳಿಗೆ

ನರಸಿಂಹಯ್ಯ ಪಂಡಿತರು ಎರಡು ಬೆರಳಲ್ಲಿ ಮುನಿಗಂಗಮ್ಮನ ಹೊಟ್ಟೆ ಮೇಲೆ ತಟ್ಟಿದ್ರು. ಕಾಸಿದ ತಮಟೆ ಹಂಗೆ ಸದ್ದು ಬಂತು.

“ಊಟ ಎಷ್ಟು ಹೊತ್ತಿಗಮ್ಮ?”

“ಎಲ್ರುದೂ ಆದ್ಮ್ಯಾಕೆ, ಸ್ವಾಮಿ.”

“ಅಂದ್ರೆ ಎಷ್ಟು ಹೊತ್ತಿಗೆ?”

ಅವಳು ಗಂಡನ ಮುಖ ನೋಡಿದ್ಳು. ಚಿಕ್ಕಬೈರಪ್ಪ ಗೋಡೆ ನೋಡ್ತಿದ್ದ. ಒಳ್ಳೆಯವನೇ. ಯಾರಿಗೂ ಉಪಯೋಗಕ್ಕೆ ಬಾರದ ಒಳ್ಳೆಯವನು.

ಇದು ಐವತ್ತೇಳನೇ ಇಸವಿಯೋ ಐವತ್ತೆಂಟೋ ಇರ್ಬೇಕು. ಗಂಡ ಅವಳನ್ನ ಅಬ್ಬಿಗೆರೆಯಿಂದ ಯಲಹಂಕ ಪೇಟೆಗೆ ಗಾಡೀಲಿ ಕರ್ಕೊಂಡು ಬಂದಿದ್ದ. ಮನೇಲಿ ಮೊದ್ಲು ಗಂಡಸರು ಉಣ್ಣೋರು, ಆಮೇಲೆ ಮಕ್ಕಳು, ಆಮೇಲೆ ಅತ್ತೆ ಪಟಾಲಮ್ಮ. ಮುನಿಗಂಗಮ್ಮನ ಸರದಿ ಬರೋ ಹೊತ್ತಿಗೆ ಮುದ್ದೆ ಕಲ್ಲಾಗಿರೋದು. ಮಿಕ್ಕಿರ್ದೆ ಇದ್ರೆ ನೆನ್ನೆ ತಂಗಳು. ಹಸಿದು ಹಸಿದು ಅದನ್ನ ನುಂಗಿದ್ರೆ ಹೊಟ್ಟೆ ಉಬ್ಬಿ, ಬಗ್ಗಿ ಕಳೆ ಕೀಳೋಕ್ಕೂ ಆಗ್ತಿರ್ಲಿಲ್ಲ. ಅತ್ತೆ ಸುಮ್ನೆ ಇರ್ತಾಳಾ? “ಬಸುರಾ ಅಂದ್ರೆ ಅದೂ ಇಲ್ಲ. ಬರೀ ಗಾಳಿ ತುಂಬ್ಕಂಡವ್ಳೆ” ಅಂತ ಬಾವಿ ಕಟ್ಟೇಲಿ ಎಲ್ಲರ ಮುಂದೆ ಅನ್ನೋಳು.

ಪಂಡಿತರು ಇಂಗು, ಶುಂಠಿ, ಓಮ ಅರೆದು ಕಟ್ಟಿದ ಗುಳಿಗೇನ ಒಂದು ತಗಡಿನ ಡಬ್ಬೀಲಿ ಹಾಕಿ ಚಿಕ್ಕಬೈರಪ್ಪನ ಕೈಲಿಟ್ರು.

“ಬಿಸಿ ಊಟದ ಮೊದಲನೇ ತುತ್ತಲ್ಲಿ, ತುಪ್ಪದ ಜೊತೆ ನುಂಗ್ಬೇಕು. ತಂಗಳಲ್ಲಿ ನುಂಗಿದ್ರೆ ಮಣ್ಣುಂಡೆ ನುಂಗಿದಂಗೆ. ತಿಳೀತೇನಪ್ಪ?”

ಮನೇಗೆ ಬಂದು ಅವನು ಅಷ್ಟನ್ನೂ ಒಪ್ಪಿಸ್ದ. ಪಟಾಲಮ್ಮ ಎಲೆಗೆ ಸುಣ್ಣ ಹಚ್ತಾ ಇದ್ಳು.

“ಗಂಡಸ್ರಿಗಿಂತ ಮುಂದೆ ಸೊಸೆ ತುಪ್ಪ ಆಕ್ಕಂಡು ಉಣ್ಣೋದಾ? ಆ ಪಂಡಿತನ ಮನೇಲಿ ಎಂಗಸ್ರು ಇಲ್ವೇನ್ಲಾ?”

“ಔಷ್ದಿ ಕಣವ್ವ.”

“ಅಂಗಾದ್ರೆ ನಂಗೂ ಉಬ್ರ ಐತೆ. ಈ ವಯಸ್ಗೆ ಯಾರ್ಗಿಲ್ಲ? ಕೊಡಿಲ್ಲಿ.”

ಡಬ್ಬಿ ಅವಳ ಎಲೆಅಡಿಕೆ ಚೀಲ ಸೇರ್ತು. ಅವತ್ತಿಂದ ಎಲ್ರಿಗಿಂತ ಮುಂಚೆ ಪಟಾಲಮ್ಮನ ತಟ್ಟೆಗೆ ಹೊಗೆಯಾಡೋ ಮುದ್ದೆ, ಅದರಲ್ಲೊಂದು ಗುಳಿ, ಗುಳಿ ತುಂಬ ತುಪ್ಪ, ಅದರೊಳಗೆ ಗುಳಿಗೆ. ಬಡಿಸೋಳು ಮುನಿಗಂಗಮ್ಮ. ಪಟಾಲಮ್ಮ ಉಂಡು ತೇಗಿದ್ರೆ ಮನೆಯೆಲ್ಲ ಇಂಗು. “ಒಳ್ಳೆ ಪಂಡಿತ ಕಣ್ಲಾ” ಅನ್ನೋಳು. ಡಬ್ಬಿ ಖಾಲಿಯಾದ್ರೆ ಮಗ ಹೋಗಿ ತರೋನು, ಅವ್ವನ ಹೆಸರಲ್ಲಿ.

ಒಂದ್ಸಲ ನೋವು ತಡೀಲಾರದೆ ಸೊಸೆ ಬಾಯಿಬಿಟ್ಟು ಕೇಳಿದ್ಳು.

“ಅತ್ತೆ, ನಂಗೊಂದು ಕೊಡ್ರೀ.”

“ತಂಗಳಲ್ಲಿ ನುಂಗಿದ್ರೆ ಕೆಲ್ಸ ಮಾಡಾಕಿಲ್ಲ ಅಂತ ನಿನ್ ಪಂಡಿತನೇ ಏಳವ್ನಲ್ಲೇ.”

ಹಿಂಗೇ ವರ್ಷಗಳು ಹೋದ್ವು. ಒಂದು ಬೇಸಿಗೇಲಿ ಪಟಾಲಮ್ಮ ಜ್ವರ ಬಂದು ಹೋದ್ಳು. ಆ ವರ್ಷ ಪಿತೃಪಕ್ಷಕ್ಕೆ ಎಡೆ ಇಡ್ಬೇಕಲ್ಲ. ಸತ್ತೋರಿಗೆ ಏನು ಇಷ್ಟವೋ ಅದನ್ನೆಲ್ಲ ಇಡೋದು. ಬೀಡಿ ಸೇದೋರಿಗೆ ಬೀಡಿ, ಕುಡಿಯೋರಿಗೆ ಹೆಂಡ. ಚಿಕ್ಕಬೈರಪ್ಪ ಅದಕ್ಕಂತಲೇ ಯಲಹಂಕಕ್ಕೆ ಹೋಗಿ ಹೊಸ ಗುಳಿಗೆ ತಂದ. “ಅದಿಲ್ದೆ ಅವ್ವ ತುತ್ತು ಮುಟ್ಟಾಕಿಲ್ಲ” ಅಂದ.

ಎಡೆ ಅಡುಗೆ ಮಾಡೋಳು ಬೆಳಗಿಂದ ಹಲ್ಲಿಗೆ ಏನೂ ಸೋಕಿಸೋ ಹಂಗಿಲ್ಲ. ಮುನಿಗಂಗಮ್ಮ ಬಾಡಿನ ಸಾರು ಕಾಸಿ, ಮುದ್ದೆ ತಿರುವಿ ಕಟ್ಟಿ, ತುಪ್ಪ ಬಿಟ್ಟು, ಗುಳಿಗೆ ಇಟ್ಟು, ಸಾಂಬ್ರಾಣಿ ಹಾಕೋಕೆ ಕೆಂಡ ತರೋಣ ಅಂತ ಒಳಗೆ ಒಲೆ ಹತ್ರ ಹೋದ್ಳು. ಅಷ್ಟರಲ್ಲಿ ಗಂಡಸರು ಕೈಮುಗಿದು ಆಚೆ ಬಂದು ಬಾಗಿಲು ಎಳ್ಕೊಂಡ್ರು. ಹಿರಿಯರು ಬಂದು ಉಣ್ಣೋವಾಗ ಒಳಗೆ ಯಾರೂ ಇರಬಾರ್ದು.

“ಎಲ್ರೂ ಈಚೆ ಬಂದ್ರೇನ್ಲಾ?” ಅಂತ ಕೇಳ್ದ ಚಿಕ್ಕಬೈರಪ್ಪನ ಚಿಕ್ಕಪ್ಪ ದೊಡ್ಡಮುನಿಯಪ್ಪ.

“ಊಂ, ಎಲ್ರೂ ಬಂದವ್ರೆ.”

ಅವಳನ್ನ ಯಾರೂ ಲೆಕ್ಕಕ್ಕೆ ತಗೊಂಡಿರ್ಲಿಲ್ಲ. ಯಾವತ್ತು ತಗೊಂಡಿದ್ರು?

ಅವಳು ಕೆಂಡ ಹಿಡ್ಕೊಂಡು ಬಂದು ನೋಡಿದ್ರೆ ಬಾಗಿಲು ಮುಚ್ಚಿದೆ. ಬಾಳೆಲೆ ಮೇಲೆ ಮುದ್ದೆ ಇನ್ನೂ ಹೊಗೆಯಾಡ್ತಾ ಇದೆ. ಸ್ವಲ್ಪ ಹೊತ್ತು ನಿಂತಿದ್ಳು. ಆಮೇಲೆ ಕೆಂಡ ಪಕ್ಕಕ್ಕಿಟ್ಟು, ಎಡೆ ಮುಂದೆ ಕೂತು, ಮೊದಲನೇ ತುತ್ತು ಮುರಿದು, ತುಪ್ಪದಲ್ಲಿ ಹೊರಳಿಸಿ, ಗುಳಿಗೆ ಸಮೇತ ನುಂಗಿದ್ಳು. ನಾಲಿಗೆ ಸುಡ್ತು. ನಿಲ್ಲಿಸಲಿಲ್ಲ. ಆಮೇಲೆ ಹಿತ್ತಲ ಬಾಗಿಲಿಂದ ಹೋಗಿ ಕೈ ತೊಳ್ಕೊಂಡು, ಸುತ್ತಿ ಬಂದು ಎಲ್ಲರ ಹಿಂದೆ ನಿಂತ್ಕೊಂಡ್ಳು.

ಬಾಗಿಲು ತೆಗೆದ ಚಿಕ್ಕಬೈರಪ್ಪ ಅಲ್ಲೇ ಮಂಡಿಯೂರಿದ. ಮುದ್ದೆ ಅರ್ಧ ಇಲ್ಲ.

“ಅವ್ವ ಬಂದಿದ್ಲು ಕಣ್ರೋ. ಗುಳಿಗೇನೂ ನುಂಗವ್ಳೆ” ಅಂತ ಅತ್ತ.

“ಬದುಕಿದ್ದಾಗ್ಲೂ ಅಂಗೇ. ಮೊದ್ಲ ತುತ್ತು ಯಾರ್ಗೂ ಬಿಟ್ಟೋಳಲ್ಲ ನಮ್ಮತ್ಗೆ” ಅಂದ ದೊಡ್ಡಮುನಿಯಪ್ಪ. “ಗಂಗಮ್ಮ, ಬಡ್ಸವ್ವ. ಒತ್ತಾಯ್ತು.”

ಗಂಡಸರು ಕೂತ್ರು. ಬಡಿಸ್ತಾ ಬಡಿಸ್ತಾ ಅವಳಿಗೊಂದು ತೇಗು ಬಂತು. ಸೆರಗು ಬಾಯಿಗೆ ಒತ್ಕೊಂಡ್ಳು. ಚಿಕ್ಕಬೈರಪ್ಪ ಮೂಗು ಎತ್ತಿ ಸುತ್ತ ನೋಡ್ದ.

“ಇಂಗಿನ ವಾಸ್ನೆ. ಅವ್ವ ಇನ್ನೂ ಇಲ್ಲೇ ಅವ್ಳೆ.”

ಅಂದೋನು ಕೂತಲ್ಲೇ ಸರಿದು ಪಕ್ಕದಲ್ಲಿ ಒಬ್ಬರು ಕೂರೋವಷ್ಟು ಜಾಗ ಬಿಟ್ಟ.

ಮುನಿಗಂಗಮ್ಮ ಆ ಜಾಗಕ್ಕೂ ಒಂದು ಎಲೆ ಹಾಕಿದ್ಳು. ಪಾತ್ರೇಲಿ ತನ್ನ ಪಾಲಿಗೆ ಉಳಿದಿದ್ದ ಕೊನೇ ಮುದ್ದೆ ತಂದು ಅದರ ಮೇಲಿಟ್ಟು, ಸಾರು ಬಿಟ್ಳು.