ಬೆನ್ನ ಮೇಲೆ ನಡೆದ ಹುಳು

ನಮ್ಮ ಸೋದರಮಾವನ ಮಾತೆಲ್ಲ ‘ಅಂತ ಕಾಣತ್ತೆ’ ಎಂಬಲ್ಲಿಗೆ ಬಂದು ನಿಲ್ಲುತ್ತಿತ್ತು. ತೊಯ್ದು ತೊಪ್ಪೆಯಾಗಿ ಮನೆಯೊಳಗೆ ಬಂದಾಗಲೂ “ಮಳೆ ಬರ್ತಿದೆ ಅಂತ ಕಾಣತ್ತೆ” ಎನ್ನುವರು. “ನಮ್ಮ ಮದುವೆ ಆಗಿರೋದಾದ್ರೂ ಖಾತ್ರಿ ತಾನೇ?” ಎಂದು ಅತ್ತೆ ಛೇಡಿಸುತ್ತಿದ್ದರು. ಮಾವ ಸಂಗ್ರಹಾಲಯವೊಂದರಲ್ಲಿ ಮೂವತ್ತು ವರ್ಷ ಕೀಟಗಳ ಗುರುತು ಹಿಡಿದು ಹೆಸರು ಬರೆದಿಟ್ಟು, ತೋಟದ ಹುಳುಗಳ ಬಗ್ಗೆ ಒಂದು ಸಚಿತ್ರ ಪುಸ್ತಕವನ್ನೂ ಬರೆದು ನಿವೃತ್ತರಾದವರು. ಮೊಣಕೈ ಸವೆದ ಬೂದುಬಣ್ಣದ ಕೋಟಿನ ಜೇಬುಗಳ ತುಂಬ ಬೆಂಕಿಪೊಟ್ಟಣಗಳು, ಒಂದೊಂದರೊಳಗೂ ಒಂದೊಂದು ಜೀವ. ಆ ಕೋಟನ್ನು ಒಗೆಯುವ ಧೈರ್ಯ ಯಾರಿಗೂ ಇರಲಿಲ್ಲ. ನೆಲವನ್ನೇ ನೋಡುತ್ತ ನಿಧಾನವಾಗಿ ನಡೆಯುವ ಅವರನ್ನು ಕಂಡ ಅಪರಿಚಿತರು ಏನೋ ಬಿದ್ದುಹೋಗಿದೆಯೆಂದು ಮರುಗಿ ತಾವೂ ಬಗ್ಗಿ ಹುಡುಕುತ್ತಿದ್ದರು.

ಒಂದು ಬೆಳಗ್ಗೆ ಪಕ್ಕದ ಬೀದಿಯ ಉದ್ಯಾನ ನೋಡಿಕೊಳ್ಳುವಾಕೆ ಡಬ್ಬಿಯೊಂದನ್ನು ತಂದು ಮಾವನ ಮುಂದಿಟ್ಟಳು. ಎಲೆಗೊಬ್ಬರದ ಗುಂಡಿಯಲ್ಲಿ ಸಿಕ್ಕ, ಹೆಬ್ಬೆರಳ ಗಾತ್ರದ ಬಿಳಿಯ ಮರಿಹುಳು.

“ಗೊಣ್ಣೆಹುಳ, ಬೇರು ತಿಂದುಹಾಕತ್ತೆ ಅಂತ ನಿಮ್ಮ ಪುಸ್ತಕದಲ್ಲೇ ಚಿತ್ರ ಇದೆ ಸಾರ್. ಹತ್ತು ವರ್ಷದಿಂದ ಔಷಧಿ ಹೊಡೀತಾನೇ ಇದೀನಿ. ಆದ್ರೆ ಇದು ನಡೆಯೋ ಚೆಂದ ನೋಡಿ!”

ಮೇಜಿನ ಮೇಲೆ ಬಿಟ್ಟೊಡನೆ ಹುಳು ಅಂಗಾತ ಹೊರಳಿ, ಆರೂ ಕಾಲುಗಳನ್ನು ಆಕಾಶಕ್ಕೆ ಬಿಟ್ಟು, ಬೆನ್ನ ಮೇಲೆಯೇ ಸರಸರನೆ ಸಾಗಿತು. ಗೊಣ್ಣೆಹುಳು ಹಾಗೆ ನಡೆಯದು. ಮಾವನ ಮುಖ ಸಣ್ಣದಾಯಿತು. ಪುಸ್ತಕಕ್ಕೆ ಆ ಚಿತ್ರ ಬಿಡಿಸುವಾಗ ಅವರೆದುರಿಗಿದ್ದದ್ದು ಸೀಸೆಯ ದ್ರಾವಣದಲ್ಲಿ ಸುರುಟಿಕೊಂಡಿದ್ದ ಇಂಥದೇ ಒಂದು ಸತ್ತ ಹುಳು. ಸತ್ತದ್ದು ಹೇಗೆ ನಡೆದು ತೋರಿಸೀತು?

“ಸದ್ಯಕ್ಕೆ ಔಷಧಿ ಬೇಡ ಅಂತ ಕಾಣತ್ತೆ ಅಮ್ಮ,” ಎಂದಷ್ಟೇ ಹೇಳಿ, ಅದೇ ಗುಂಡಿಯ ಗೊಬ್ಬರ ತುಂಬಿದ ಭರಣಿಯಲ್ಲಿ ಅದನ್ನು ಸಾಕಿದರು. ಎರಡು ತಿಂಗಳ ಮೇಲೆ ಹೊರಬಂದದ್ದು ಹಸಿರಾಗಿ ಮಿರುಗುವ, ಹೂವಿನಿಂದ ಹೂವಿಗೆ ಹಾರುವ ಜೀರುಂಡೆ. ಅದರ ಮರಿ ಕೊಳೆತ ಎಲೆಯನ್ನು ತಿಂದು ಗೊಬ್ಬರ ಮಾಡುತ್ತದೆಯೇ ಹೊರತು ಜೀವಂತ ಬೇರಿನ ತಂಟೆಗೆ ಹೋಗುವುದಿಲ್ಲ.

ಮಾವ ನನ್ನನ್ನೂ ಕರೆದುಕೊಂಡು ಸಂಗ್ರಹಾಲಯಕ್ಕೆ ಹೋಗಿ, ಅಲ್ಲಿದ್ದ ತಮ್ಮ ಪುಸ್ತಕದ ಪ್ರತಿಗಳಲ್ಲೆಲ್ಲ ಆ ಪುಟ ತಿದ್ದತೊಡಗಿದರು. “ಬಿಡಿ ಸಾರ್, ಆ ಹಳೇ ಪುಸ್ತಕ ಈಗ ಯಾರು ಓದ್ತಾರೆ?” ಎಂದರು ಹೊಸ ಮುಖ್ಯಸ್ಥರು.

“ಓದಿದವರೊಬ್ಬರು ಸಿಕ್ಕಿದ್ರು ಅಂತ ಕಾಣತ್ತೆ,” ಎಂದರು ಮಾವ, ತಲೆಯೆತ್ತದೆ.

ಅಲ್ಲಿಂದ ನೇರ ಉದ್ಯಾನಕ್ಕೆ ಹೋದೆವು. ಮಾವ ಜೀರುಂಡೆಯ ವಿಷಯವನ್ನೆಲ್ಲ ಹೇಳಿ, “ತಪ್ಪು ನಂದೇ ಅಮ್ಮ,” ಎಂದರು. ಆ ಮಾತಿಗೆ ‘ಅಂತ ಕಾಣತ್ತೆ’ಯ ಬಾಲವಿರಲಿಲ್ಲ. ಆಕೆ ಗುಂಡಿಯ ಅಂಚಿನಲ್ಲಿ ಕುಳಿತಳು.

“ಕೂಲಿ ಕೇಳದೆ ದುಡಿಯೋರನ್ನೇ ಕೊಂದ್ವಲ್ಲ ಸಾರ್.”

ಮಾವನೂ ಆಕೆಯ ಪಕ್ಕ ಮಣ್ಣಿನ ಮೇಲೆ ಕುಳಿತರು.

ಒಪ್ಪಿಕೊಂಡ ಮಾತ್ರಕ್ಕೆ ತಪ್ಪಿನ ಭಾರ ಇಳಿಯುವುದಿಲ್ಲವೆಂಬುದು ಇಂಥವರಿಗೆ ಗೊತ್ತು. ಆದರೂ ತಮ್ಮ ತಪ್ಪು ಎಲ್ಲೆಲ್ಲಿಗೆ ತಲುಪಿದೆಯೋ ಅಲ್ಲಿಗೆಲ್ಲ ಕಾಲ್ನಡೆಯಲ್ಲೇ ಹೋಗಿ ಬರುತ್ತಾರೆ. ಅವರು ಬರೆದ ಉಳಿದ ಪುಟಗಳನ್ನು ನಾವು ನಂಬುವುದು ಅದಕ್ಕಾಗಿಯೇ.