ಸಾಲಿಗೆ ಏಳು ಹನಿ

ಕೀಬೋರ್ಡಿನಲ್ಲಿ ಐದರ ಕೀಲಿ ಸವೆದು ಬೋಳಾಗಿದೆ, ನಾಲ್ಕು ಇದೆ, ಆರು ಇದೆ, ನಡುವೆ ಹಲ್ಲು ಬಿದ್ದ ಜಾಗದ ಹಾಗೆ ಒಂದು ಕಪ್ಪು ಚೌಕ, ನನಗಿಂತ ಮುಂಚೆ ಈ ಕುರ್ಚಿಯಲ್ಲಿ ಕೂತವರಿಗೆಲ್ಲ ಉತ್ತರ ಐದೇ ಬಂದಿತ್ತೋ ಏನೋ, ಒತ್ತಿ ಒತ್ತಿ ಅಳಿಸಿ ಎದ್ದು ಹೋಗಿದ್ದಾರೆ, ಎದ್ದು ಹೋದವರು ಪುಣ್ಯವಂತರು — ಸ್ಕ್ರೀನಿನ ಮೇಲಂಚಿನಲ್ಲಿ ಅದೇ ಹಸಿರು ಅಕ್ಷರ, ನಿಮ್ಮ ವೇಗದಲ್ಲಿ ಕಲಿಯಿರಿ, ಎಂಟು ತಿಂಗಳಿಂದ ದಿನವೂ ಅದೇ ಮರ್ಯಾದೆ, ಅವಸರ ಮಾಡುವವರಿಲ್ಲ, ಬೆತ್ತ ಹಿಡಿದು ನಿಲ್ಲುವವರಿಲ್ಲ, ಮೇಷ್ಟ್ರೇ ಇಲ್ಲ, ಹತ್ತು ಪಾಠ, ಒಂದೊಂದು ಪಾಠದ ಕೊನೆಗೆ ಹತ್ತು ಪ್ರಶ್ನೆ, ಎಂಟು ಸರಿಯಾದರೆ ಮುಂದಕ್ಕೆ, ಇಲ್ಲದಿದ್ದರೆ ಮತ್ತೆ ಪ್ರಯತ್ನಿಸಿ, ಕೋಪವಿಲ್ಲ, ತಾಪವಿಲ್ಲ, ಒಂದು ಸಲ ಗದರಿದ್ದರೂ ಚೆನ್ನಾಗಿತ್ತು ಅನ್ನಿಸುತ್ತದೆ. ಒಂಬತ್ತು ಪಾಠ ದಾಟಿದವಳು ಹತ್ತನೆಯದರ ಹೊಸಿಲಲ್ಲಿ ನಲವತ್ತು ದಿನದಿಂದ ಕೂತಿದ್ದೇನೆ, ದರ ಮತ್ತು ಅನುಪಾತ, ಇವತ್ತು ನಾಲ್ಕು ಗಂಟೆಗೆ ಗಡುವು, ಆಮೇಲೆ ನನ್ನ ವೇಗ ಯಾರಿಗೂ ಬೇಡ, ನರ್ಸಿಂಗ್ ಸೀಟು ಪಟ್ಟಿಯಲ್ಲಿ ಮುಂದಿನವರಿಗೆ, ನಾನು ಮತ್ತೆ ಬೆಡ್‌ಪ್ಯಾನು, ನೆಲದ ಬಟ್ಟೆ, ಹದಿನಾರು ವರ್ಷದ ಆಯಾಗಿರಿ. ಪಕ್ಕದ ಕುರ್ಚಿಯಲ್ಲಿ ನಮ್ಮ ಆಸ್ಪತ್ರೆಯ ಆಂಬುಲೆನ್ಸ್ ಡ್ರೈವರು, ಅವನೂ ಏನೋ ಟೆಕ್ನಿಶಿಯನ್ ಆಗಬೇಕಂತೆ, ಆರನೇ ಪಾಠದಲ್ಲಿ ಹೂತಿದ್ದಾನೆ, ಅಕ್ಕಾ ನಿಮ್ಮ ವೇಗ ಅಂತಾರಲ್ಲ ಎಷ್ಟಿಟ್ಕೊಳ್ಳಲಿ, ಸೈರನ್ ಹಾಕಿ ಹೋಗ್ಲಾ ಇಲ್ಲ ಹೆಣ ಇಟ್ಕೊಂಡು ಹೋದ ಹಾಗೆ ಹೋಗ್ಲಾ — ಸುಮ್ಮನಿರು ತಮ್ಮಾ, ಕಂಪ್ಯೂಟರ್ ಲ್ಯಾಬಿನ ಮೇಡಂ ನೋಡ್ತಿದಾರೆ — ನೋಡ್ಲಿ ಬಿಡಿ, ಅವರ ವೇಗದಲ್ಲಿ ನೋಡ್ಲಿ. ಮೂರು ಗಂಟೆ ಇಪ್ಪತ್ತು ನಿಮಿಷ. ಒಂಬತ್ತು ಪ್ರಶ್ನೆ ಆಯಿತು, ಏಳು ಸರಿ, ಎರಡು ತಪ್ಪು. ಉಳಿದದ್ದು ಒಂದೇ, ಅದೇ, ಬೇಕೆಂದೇ ಕೊನೆಗೆ ಬಂದು ನಿಂತ ಹಾಗೆ ಅದೇ, ಡ್ರಿಪ್ಪಿನ ಪ್ರಶ್ನೆ.

ಅಮ್ಮಾ ನೀನು ಲೆಕ್ಕಕ್ಕೆ ಹೆದರ್ತಿಲ್ಲ, ಮಗಳು ಮೊನ್ನೆ ಹೇಳಿದಳು, ತಲೆ ಒರೆಸಿಕೊಳ್ಳುತ್ತ, ಏನೋ ಸಾಮಾನ್ಯ ಮಾತು ಎನ್ನುವ ಹಾಗೆ, ನೀನು ಬಂದು ಹೇಳೋದನ್ನೇ ಲೆಕ್ಕ ಇಟ್ಟಿದೀನಿ, ಹನ್ನೊಂದು ಸಲ ಪರೀಕ್ಷೆಗೆ ಕೂತು ಹನ್ನೊಂದು ಸಲವೂ ಒಂದೇ ಪ್ರಶ್ನೆಗೆ ಎದ್ದು ಬಂದಿದೀಯ, ಬಾಟಲಿ ಪ್ರಶ್ನೆಗೆ, ಯಾಕೆ? ಹೌದಾ, ನನಗೆ ಗಮನವೇ ಇಲ್ಲ ನೋಡು ಅಂದೆ. ಅಂಕಿಗಳು ಪ್ರತಿಸಲ ಬೇರೆ, ಮಾತು ಅದೇ, ಇಷ್ಟು ಮಿಲಿ ದ್ರವ ಇಷ್ಟು ಗಂಟೆಯಲ್ಲಿ ರೋಗಿಗೆ ಹೋಗಬೇಕು, ನಿಮಿಷಕ್ಕೆ ಎಷ್ಟು ಹನಿ — ಅರ್ಧದಲ್ಲಿ ಎದ್ದರೆ ಆ ಪರೀಕ್ಷೆ ಇಡೀ ಅಳಿಸಿಹೋಗುತ್ತದೆ, ಮತ್ತೆ ಮೊದಲಿಂದ, ನನಗೆ ಅದೂ ಸುಖವೇ ಆಗಿತ್ತು, ಅಳಿಸಿಹೋಗುವುದು. ಲೆಕ್ಕ ಬಾರದವಳೇನೂ ಅಲ್ಲ ನಾನು, ಬೇರೆ ದಾರಿಯಲ್ಲಿ ಬಂದವಳು, ಕಿವಿಯಿಂದ, ನಿಯಮಗಳನ್ನೆಲ್ಲ ಪದ್ಯ ಮಾಡಿಕೊಂಡೆ, ಮೇಲಿನ ಮನೆ ಕೆಳಗೆ ಬಂತು ಕೆಳಗಿನ ಮನೆ ಮೇಲೆ ಹೋಯ್ತು ಅಂತ ಭಿನ್ನರಾಶಿಯ ಭಾಗಾಕಾರ, ಗುನುಗಿಕೊಂಡೇ ಒಂಬತ್ತು ಪಾಠ, ಲ್ಯಾಬ್ ಮೇಡಂ ಎದ್ದು ಬಂದು ಆಂಟೀ ಸ್ವಲ್ಪ ಮೆತ್ತಗೆ, ಇದು ದೇವಸ್ಥಾನ ಅಲ್ಲ ಅಂದದ್ದೂ ಉಂಟು. ಅದು ಅಪ್ಪನ ಕಲಿಕೆ. ಅಪ್ಪ ಫೋಟೋ ಸ್ಟುಡಿಯೋದ ಕತ್ತಲೆಕೋಣೆಯಲ್ಲಿ ಮೂವತ್ತು ವರ್ಷ ಚಿತ್ರ ತೊಳೆದವನು, ಕೆಂಪು ಬಲ್ಬು, ಹುಳಿ ವಾಸನೆ, ಮೂರು ತಟ್ಟೆ ನೀರು, ಗಡಿಯಾರ ನೋಡಲು ಬೆಳಕಿಲ್ಲ, ಹಾಗಾಗಿ ಪದ್ಯ ಹೇಳುತ್ತಿದ್ದ, ರಾಗವಾಗಿ ಹೇಳಿದರೆ ಒಂದು ಪದ್ಯಕ್ಕೆ ಒಂದು ನಿಮಿಷ ಮಗಳೇ, ಕೂದಲೆಳೆ ಹೆಚ್ಚಿಲ್ಲ ಕಡಿಮೆಯಿಲ್ಲ, ಮೊದಲ ತಟ್ಟೆಗೆ ಎರಡು ಪದ್ಯ, ಎರಡನೆಯದಕ್ಕೆ ಅರ್ಧ, ಮೂರನೆಯದಕ್ಕೆ ಐದು, ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತಿರುತ್ತಿದ್ದೆ, ಪದ್ಯ ಮುಂದೆ ಹೋದ ಹಾಗೆ ಬಿಳಿ ಕಾಗದದಲ್ಲಿ ಯಾರದೋ ಹುಬ್ಬು, ಯಾರದೋ ಮೂಗು, ದೇವರು ಹೀಗೇ ಮನುಷ್ಯರನ್ನು ಮಾಡಿದ ಎಂದು ನಂಬಿದ್ದೆ, ಹಾಡಿ. ದಡವ ಕಾಣದ ದೋಣಿ ನನ್ನದು, ನಡೆಸು ದೇವನೆ ನಿನ್ನ ದಾರಿಗೆ — ಆರು ಸಾಲು, ಎಲ್ಲಿ ಕಲಿತನೋ, ತಾನೇ ಕಟ್ಟಿದನೋ, ಕೇಳಿದರೆ ಸುಮ್ಮನೆ ನಗುತ್ತಿದ್ದ. ಒಮ್ಮೆ ಅಮ್ಮ ಊಟಕ್ಕೆ ಅವಸರ ಮಾಡಿದಳೆಂದು ರಾಗ ಬಿಟ್ಟು ಓಡಿಸಿದೆ ಕಣೇ, ಮದುಮಗನ ಮುಖ ಗೋಡೆಯ ಸುಣ್ಣದ ಹಾಗೆ ಬಂತು ಎಂದು ಎಷ್ಟು ಸಲ ಹೇಳಿ ನಕ್ಕಿದ್ದ, ನಾನೂ ನಕ್ಕಿದ್ದೆ, ಅದನ್ನು ಕೇಳಿಯೂ.

ಬೇಡ. ಪ್ರಶ್ನೆ ನೋಡು. ಆರುನೂರು ಮಿಲಿ, ಐದು ಗಂಟೆ, ಒಂದು ಮಿಲಿಗೆ ಇಪ್ಪತ್ತು ಹನಿ. ಅಪ್ಪನದು ಐನೂರು, ನಾಲ್ಕು ಗಂಟೆ. ಹೋದ ವರ್ಷ, ಒಂದು ವಾರ ಭೇದಿಯಾಗಿ ಒಣಗಿದ ಕಡ್ಡಿಯಾಗಿದ್ದ, ಕಣ್ಣು ಒಳಗೆ ಹೋಗಿತ್ತು, ನಮ್ಮ ವಾರ್ಡಿನಲ್ಲೇ ಮೂಲೆಯ ಹಾಸಿಗೆ, ಸಿಸ್ಟರು ಬೆಳಿಗ್ಗೆ ಹನ್ನೊಂದಕ್ಕೆ ಬಾಟಲಿ ಏರಿಸಿದರು, ಹೃದಯ ವೀಕು, ನಿಧಾನ ಹೋಗ್ಬೇಕು ಇದು, ನಿಮಿಷಕ್ಕೆ ನಲವತ್ತೆರಡು ಹನಿ, ಅವನು ಕೈ ಆಡಿಸಿದಾಗೆಲ್ಲ ನಿಂತು ಬಿಡುತ್ತೆ, ಕೊಳವೆ ಮೇಲಿನ ಚಕ್ರ ಸ್ವಲ್ಪ ಆಚೆ ಈಚೆ ತಿರುಗಿಸಿ ಸರಿ ಮಾಡ್ಕೋ, ಆಯಾಗೆ ಕೊಡಬಾರದ ಕೆಲಸ, ಆದರೆ ನೀನಿದೀಯಲ್ಲ, ನಿನ್ನಪ್ಪ ತಾನೇ, ನಾನು ಹೆರಿಗೆ ವಾರ್ಡಿಗೆ ಓಡ್ತೀನಿ — ಓಡಿದರು. ಡ್ಯೂಟಿಯ ಮೇಲೆ ನಮ್ಮ ವಾಚು, ಫೋನು ಎಲ್ಲ ಲಾಕರಿನಲ್ಲಿ, ಗೋಡೆಗಡಿಯಾರ ಕಾರಿಡಾರಿನ ಆಚೆ ತುದಿಗೆ, ಆ ಮೂಲೆಯಿಂದ ಕಾಣದು, ಎದ್ದು ಹೋದರೆ ಹನಿ ಕಾಣದು. ಆಗ ಹೊಳೆಯಿತು ನನಗೆ, ಹೊಳೆಯಿತಲ್ಲ ಎಂದು ಹಿಗ್ಗಿದೆ ಕೂಡ, ಪದ್ಯಕ್ಕೆ ಒಂದು ನಿಮಿಷ, ಪದ್ಯಕ್ಕೆ ಆರು ಸಾಲು, ಸಾಲಿಗೆ ಏಳು ಹನಿ, ಆರೇಳು ನಲವತ್ತೆರಡು, ದೇವರೇ ಬಿಡಿಸಿಟ್ಟ ಲೆಕ್ಕ, ಜೀವಮಾನದಲ್ಲಿ ನಾನೇ ನಾನಾಗಿ ಮಾಡಿದ ಒಂದೇ ಒಂದು ಲೆಕ್ಕ. ಅಪ್ಪಾ, ದಡದ ಪದ್ಯ ಹೇಳ್ಕೋತೀನಿ, ಹನಿ ಎಣಿಸಬೇಕು ಅಂದೆ, ತಲೆ ಆಡಿಸಿದ, ಕಣ್ಣು ಮುಚ್ಚಿದ. ವಾರ್ಡಿನಲ್ಲಿ ಬಾಯಿ ಬಿಡುವ ಹಾಗಿಲ್ಲ, ಪಕ್ಕದ ಹಾಸಿಗೆಯವನ ಹೆಂಡತಿ ಆಗಲೇ ಒಂದು ಸಲ ಏನಮ್ಮಾ ಭಜನೆ ಶುರು ಮಾಡಿದ್ಯಾ ಅಂದಿದ್ದಳು, ಮನಸ್ಸಿನಲ್ಲೇ ಹೇಳಿದೆ, ರಾಗವಿಲ್ಲದೆ, ಸಾಲು ಹಿಡಿದು ಚಕ್ರ ತಿರುಗಿಸಿದೆ, ಏಳು, ಮತ್ತೆ ಏಳು, ಸರಿಯಾಗಿ ಕೂತಿತು, ತಾಳ ತಪ್ಪದ ಹಾಗೆ ಹನಿ, ಎಂಥ ಚೆಂದ. ಅಪ್ಪನ ಸೂಜಿಯಿಲ್ಲದ ಕೈ ಕಂಬಳಿಯ ಮೇಲಿತ್ತು, ಹೆಬ್ಬೆರಳು ಬೆರಳ ಗೆರೆಗಳ ಮೇಲೆ ನಡೆಯುತ್ತಿತ್ತು, ಅವನ ಎಣಿಕೆ ಹಾಗೆಯೇ, ಸಾಲಿಗೊಂದು ಗೆರೆ, ತೋರುಬೆರಳಲ್ಲಿ ಮೂರು, ನಡುಬೆರಳಲ್ಲಿ ಮೂರು, ಕತ್ತಲಲ್ಲೂ ತಪ್ಪದ ಎಣಿಕೆ, ನಾನು ಆರನೇ ಸಾಲು ಮುಗಿಸಿದಾಗ ಹೆಬ್ಬೆರಳು ಇನ್ನೂ ತೋರುಬೆರಳಿನಲ್ಲೇ ಇತ್ತು. ಪಾಪ, ನಿಶ್ಶಕ್ತಿ, ಹಿಂದೆ ಬೀಳ್ತಿದಾನೆ ಅಂದುಕೊಂಡೆ. ಮೂರು ಗಂಟೆಯವರೆಗೆ ಹೋಗಬೇಕಿದ್ದ ಬಾಟಲಿ, ಮಧ್ಯಾಹ್ನದ ಊಟದ ಗಾಡಿ ಗಡಗಡ ಅಂತ ಬರುವಾಗ ಖಾಲಿ, ಗಾಡಿ ಬರುವುದು ಒಂದಕ್ಕೆ. ಸಿಸ್ಟರು ಬಾಟಲಿ ನೋಡಿದರು, ನನ್ನನ್ನು ನೋಡಿದರು, ಇಷ್ಟು ಬೇಗನಾ ಅಂದರು, ಅಷ್ಟೇ, ಆಮೇಲೆ ಬಾಗಿಲ ಹತ್ತಿರ ಕರೆದು ಮೆಲ್ಲಗೆ, ಚಾರ್ಟಿನಲ್ಲಿ ನಾಲ್ಕು ಗಂಟೆ ಅಂತಲೇ ಬರೆದಿದೀನಿ, ನೀನೂ ಅದನ್ನೇ ಇಟ್ಕೋ, ಇಬ್ಬರ ಹೊಟ್ಟೆಪಾಡು. ಮಾರನೆಯ ದಿನ ಅಪ್ಪನಿಗೆ ಏದುಸಿರು, ಮಲಗಲಾರ, ಕೂರಲಾರ, ಎದೆಯಲ್ಲಿ ಗುಳುಗುಳು, ಮೂರನೆಯ ದಿನ ಇಲ್ಲ. ಡಾಕ್ಟರು ವಯಸ್ಸಾಗಿತ್ತಲ್ಲಮ್ಮ ಅಂದರು, ಹೃದಯ ಮೊದಲೇ ಸೋತಿತ್ತು ಅಂದರು, ಬಂದವರೆಲ್ಲ ಒಳ್ಳೆಯ ಸಾವು ಅಂದರು, ನಾನು ಹೂಂ ಅಂದೆ, ಎಲ್ಲದಕ್ಕೂ ಹೂಂ. ಓದು, ನರ್ಸ್ ಆಗು, ನಿನ್ನ ಕೈ ಒಳ್ಳೇದು, ಫಾರಂ ತಂದುಕೊಟ್ಟವರೂ ಅದೇ ಸಿಸ್ಟರು, ಕೊಡುವಾಗ ಮುಖ ನೋಡಲಿಲ್ಲ.

ಮೂರು ಮೂವತ್ತೆಂಟು. ಎದ್ದು ಹೋಗಬಹುದು, ಹನ್ನೆರಡನೇ ಸಲ, ಈ ಸಲ ಅಳಿಸಿದರೆ ಎಲ್ಲವೂ ಅಳಿಯುತ್ತದೆ, ಸೀಟು ಅಳಿಯುತ್ತದೆ, ನಾನು ಎಂದೂ ಬಾಟಲಿಯ ಚಕ್ರ ಮುಟ್ಟಬೇಕಾಗಿಲ್ಲ, ಎಂದೂ ಲೆಕ್ಕ ಕಲಿಯಬೇಕಾಗಿಲ್ಲ, ಎಷ್ಟು ಹಗುರ, ಲೆಕ್ಕ ಬಾರದವಳಿಗೆ ಗೊತ್ತಿಲ್ಲ ಎನ್ನುವ ಹಕ್ಕಿದೆ, ಇಷ್ಟು ದಿನ ಅದರ ನೆರಳಲ್ಲೇ ಬದುಕಿದೆನಲ್ಲ, ನನಗೇನು ಗೊತ್ತು, ಆಯಾಗೆ ಏನು ಗೊತ್ತು — ಆದರೆ ಮಗಳು, ಅವಳು ಕ್ಲಾಸು ಬಿಟ್ಟು ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಾಳೆ, ಆಂಟಿ ಅನ್ನಿಸಿಕೊಂಡು ಬರ್ತೀಯೋ ಸಿಸ್ಟರ್ ಅನ್ನಿಸಿಕೊಂಡು ಬರ್ತೀಯೋ ನೋಡ್ತೀನಿ ಅಂತ ನಗಾಡಿ ಕಳಿಸಿದವಳು, ನನ್ನ ಚೀಲ ತೊಡೆಯ ಮೇಲಿಟ್ಟುಕೊಂಡು — ಬರೆ. ಕರಡು ಕಾಗದ ಒಂದೇ, ಹೋಗುವಾಗ ವಾಪಸು ಕೊಡಬೇಕು. ಆರುನೂರು ಇಪ್ಪತ್ತಲಿ ಹನ್ನೆರಡು ಸಾವಿರ ಹನಿ. ಐದು ಗಂಟೆ ಅಂದರೆ ಮುನ್ನೂರು ನಿಮಿಷ. ಹನ್ನೆರಡು ಸಾವಿರಕ್ಕೆ ಮುನ್ನೂರು, ಸೊನ್ನೆಗೆ ಸೊನ್ನೆ ಹೊಡೆದು, ನೂರಿಪ್ಪತ್ತಕ್ಕೆ ಮೂರು, ನಲವತ್ತು. ಇಷ್ಟೇನಾ. ಇಷ್ಟು ಸಣ್ಣ ಲೆಕ್ಕಕ್ಕೆ ನಲವತ್ತು ದಿನ. ನಾಲ್ಕು, ಸೊನ್ನೆ, ಒತ್ತಿದೆ — ಹಸಿರು, ಇಡೀ ಸ್ಕ್ರೀನೇ ಹಸಿರು, ಅಭಿನಂದನೆಗಳು, ನೀವು ಎಲ್ಲ ಪಾಠಗಳನ್ನೂ ಪೂರೈಸಿದ್ದೀರಿ, ಅಯ್ಯಯ್ಯೋ ನಮ್ಮಕ್ಕ ಗೆದ್ದುಬಿಟ್ರು ಮೇಡಂ, ಡ್ರೈವರು ಕುರ್ಚಿಯಿಂದ ಎದ್ದೇಬಿಟ್ಟ, ಅಕ್ಕಾ ಇನ್ಮೇಲೆ ನಿಮ್ಮನ್ನ ಸಿಸ್ಟರ್ ಅನ್ಬೇಕಾ, ನಾನು ಅನ್ನಲ್ಲ ನೋಡಿ, ಅಕ್ಕ ಅಕ್ಕನೇ — ನಗಬೇಕು, ನಗುತ್ತಿದ್ದೇನೆ ಅನ್ನಿಸುತ್ತದೆ, ಕೆನ್ನೆ ಎಳೆಯುತ್ತಿದೆ, ಆದರೆ ಕೈ ನಿಂತಿಲ್ಲ, ಕೈ ಕಾಗದದ ಕೆಳಗೆ ಬರೆಯುತ್ತಿದೆ, ದಾರಿ ಗೊತ್ತಾದ ಮೇಲೆ ಕೈಗೆ ಯಾರ ಅಪ್ಪಣೆ ಬೇಕು, ಐನೂರು ಇಪ್ಪತ್ತಲಿ ಹತ್ತು ಸಾವಿರ, ಹನ್ನೊಂದರಿಂದ ಒಂದು, ಎರಡು ಗಂಟೆ, ನೂರಿಪ್ಪತ್ತು ನಿಮಿಷ, ಸೊನ್ನೆಗೆ ಸೊನ್ನೆ, ಸಾವಿರಕ್ಕೆ ಹನ್ನೆರಡು, ಎಂಬತ್ತಮೂರು, ಮೇಲೆ ಒಂದಿಷ್ಟು ಚೂರು. ನಲವತ್ತೆರಡಲ್ಲ. ಎಂಬತ್ತಮೂರು. ಲ್ಯಾಬ್ ಮೇಡಂ ಬಂದು ಕಾಗದಕ್ಕೆ ಕೈಚಾಚಿ ನಿಂತಿದ್ದಾರೆ, ಖುಷಿಯಲ್ಲಿ ಇದೇನ್ ಆಂಟೀ, ಕೆಳಗೆ ಇನ್ನೊಂದು ಲೆಕ್ಕ, ಇದು ಪ್ರಶ್ನೆಯಲ್ಲಿ ಇರಲಿಲ್ಲವಲ್ಲ — ಇಲ್ಲ, ಇರಲಿಲ್ಲ. ಮತ್ಯಾಕೆ ಮಾಡಿದ್ರಿ? ಸರಿ ಇದೆಯಾ ನೋಡಿ ಮೇಡಂ, ನನ್ನದೇ ಬಾಯಿ ಕೇಳುತ್ತಿದೆ, ತಪ್ಪಿದ್ದರೆ ಹೇಳಿ, ದಯವಿಟ್ಟು, ಎಲ್ಲಾದರೂ ತಪ್ಪಿದ್ದರೆ. ಅವರು ಬಗ್ಗಿ ನೋಡುತ್ತಾರೆ, ಪೆನ್ನಿನ ತುದಿ ಸಾಲುಗಳ ಮೇಲೆ ಮೆಲ್ಲಗೆ ಇಳಿಯುತ್ತದೆ, ಹತ್ತು ಸಾವಿರ, ಹೂಂ, ನೂರಿಪ್ಪತ್ತು, ಹೂಂ, ಸರಿಯಾಗಿದೆ ಆಂಟೀ, ಒಂದು ಕೂಡ ತಪ್ಪಿಲ್ಲ — ಅಪ್ಪ ಹಿಂದೆ ಬಿದ್ದಿರಲಿಲ್ಲ, ರಾಗದಲ್ಲಿದ್ದ, ಕಣ್ಣು ಮುಚ್ಚಿಕೊಂಡು ಕತ್ತಲಲ್ಲಿ ಸರಿಯಾಗಿ ಹೇಳುತ್ತಿದ್ದ, ನನಗೆ ತೋರಿಸುತ್ತಿದ್ದನೋ ಏನೋ, ನಾನು ಆರನೆಯ ಸಾಲು ಮುಗಿಸಿ ನೋಡುತ್ತೇನೆ, ಕಂಬಳಿಯ ಮೇಲೆ ಅಪ್ಪನ ಕೈ, ತೋರುಬೆರಳಿನ ಮೂರನೇ ಗೆರೆಯ ಮೇಲೆ ಅಪ್ಪನ ಹೆಬ್ಬೆರಳು, ಮೂರನೇ ಗೆರೆಯ ಮೇಲೆ, ನಡುಬೆರಳು ಹಾಗೇ ಇದೆ, ಇನ್ನೂ ಮೂರು ಗೆರೆ ಹಾಗೇ ಇದೆ, ಮೂರನೇ ಗೆರೆಯ ಮೇಲೆ ಹೆಬ್ಬೆರಳು